ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ರಿವಿಜನ್: ಪಠ್ಯಪುಸ್ತಕ, ಗೈಡ್, ಟ್ಯೂಷನ್, ಮೊಬೈಲ್ — ಯಾವುದಕ್ಕೆ ಯಾವುದು?

ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ಕೈಗೆ ಬಂದ ಮೇಲೆ ಹತ್ತನೇ ತರಗತಿ ಮಕ್ಕಳ ತಂದೆ-ತಾಯಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇಂಗ್ಲಿಷಿಗೆ ಟ್ಯೂಷನ್ ಹಚ್ಚೋಣೇನ್ರಿ ಟೀಚರ್? ಇಲ್ಲಾ ಗೈಡ್ ಸಾಕಾಗ್ತದ?" ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಇದಕ್ಕೆ ಒಂದೇ ಮಾತಿನ ಉತ್ತರ ಕೊಡಲು ಆಗುವುದಿಲ್ಲ. ಇಂಗ್ಲಿಷ್ ಪೇಪರ್ ನೋಡಲು ಒಂದು, ಒಳಗೆ ಮೂರು. ಪಾಠ-ಪದ್ಯ ಒಂದು ಕೆಲಸ, ಗ್ರಾಮರ್ ಇನ್ನೊಂದು, ಸ್ವಂತ ಬರವಣಿಗೆ ಮತ್ತೊಂದು. ಒಂದಕ್ಕೆ ಚೆನ್ನಾಗಿ ಹೊಂದುವ ದಾರಿ ಇನ್ನೊಂದಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ. ಗೈಡ್ ಓದಿ ಪಾಠದ ಪ್ರಶ್ನೆಗೆ ಉತ್ತರ ಬರೆದ ಹುಡುಗ ಪತ್ರದ ಪ್ರಶ್ನೆಗೆ ಬಂದಾಗ ಪೆನ್ನು ಹಿಡಿದು ಕೂತುಬಿಡುತ್ತಾನೆ. ಹಾಗಾಗಿ ಯಾವುದು ಛಲೋ ಅಂತ ಕೇಳುವ ಮೊದಲು, ಯಾವುದಕ್ಕೆ ಬೇಕಾಗಿದೆ ಅಂತ ನೋಡಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬರೆಯುವ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಿಗೆ 80 ಅಂಕದ ಪರೀಕ್ಷೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡವರಿಗೆ 100 ಮತ್ತು 25. ಅವರ ಪುಸ್ತಕ ಬೇರೆ. ಆದರೆ ಇಲ್ಲಿರುವ ಬಹುಪಾಲು ಮಾತು ಅವರಿಗೂ ಹೊಂದುತ್ತದೆ.

ಒಂದು ಪೈಸೆ ಖರ್ಚು ಮಾಡುವ ಮೊದಲು ಅರ್ಧವಾರ್ಷಿಕದ ಪೇಪರ್ ತೆಗೆದುಕೊಂಡು ಮಗುವಿನ ಜೊತೆ ಕುಳಿತುಕೊಳ್ಳಿ. ಅಂಕ ಹೋದ ಪ್ರತಿ ಜಾಗದಲ್ಲೂ ಪೆನ್ಸಿಲ್‌ನಿಂದ ಒಂದು ಅಕ್ಷರ ಬರೆಯಿರಿ. ಪಾಠ-ಪದ್ಯದಲ್ಲಿ ಹೋಗಿದ್ದರೆ 'ಪ', ಗ್ರಾಮರ್‌ನಲ್ಲಿ ಹೋಗಿದ್ದರೆ 'ಗ', ಬರವಣಿಗೆಯಲ್ಲಿ ಹೋಗಿದ್ದರೆ 'ಬ'. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ, ಪ್ರಶ್ನೆ ಯಾವ ಬಗೆಯದು ಅಂತ ಮಗುವೇ ಹೇಳುತ್ತದೆ. ಇನ್ನೊಂದನ್ನೂ ಗುರುತು ಮಾಡಿ: ಆ ಜಾಗ ಖಾಲಿ ಬಿಟ್ಟಿದ್ದಾ, ಬರೆದು ತಪ್ಪಾಗಿದ್ದಾ? ಖಾಲಿ ಬಿಟ್ಟಿದ್ದರೆ ಓದಿಲ್ಲ ಅಂತ ಅರ್ಥ, ಅದನ್ನು ಮನೆಯಲ್ಲೇ ಸರಿ ಮಾಡಬಹುದು. ಬರೆದು ತಪ್ಪಾಗಿದ್ದರೆ ಯಾರಾದರೂ ತಿದ್ದಬೇಕು. ಟ್ಯೂಷನ್ ಬೇಕೋ ಬೇಡವೋ ಅನ್ನುವ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಪಾಠ ಮತ್ತು ಪದ್ಯ

ಇಲ್ಲಿ ಸ್ಪರ್ಧೆ ಇರುವುದು ಪಠ್ಯಪುಸ್ತಕ, ಗೈಡ್ ಮತ್ತು ಯೂಟ್ಯೂಬ್ ವಿಡಿಯೋ ನಡುವೆ. ನನ್ನ ಮಾತು ನೇರವಾಗಿ ಹೇಳುತ್ತೇನೆ: ಮೊದಲು ವಿಡಿಯೋ ಅಥವಾ ಶಾಲೆಯ ಪಾಠ, ಆಮೇಲೆ ಪಠ್ಯಪುಸ್ತಕ, ಕೊನೆಗೆ ಗೈಡ್. ನಮ್ಮ ಮಕ್ಕಳು ಮಾಡುವುದು ಇದರ ಉಲ್ಟಾ. ಸೀದಾ ಗೈಡ್ ತೆರೆಯುತ್ತಾರೆ, ಪಠ್ಯಪುಸ್ತಕ ಹೊಸದರ ಹಾಗೇ ಉಳಿಯುತ್ತದೆ.

ಗೈಡ್‌ನಿಂದ ಏನು ತೊಂದರೆ ಅಂತ ಒಂದು ಪದ್ಯ ಹಿಡಿದು ನೋಡೋಣ. ಹತ್ತನೇ ತರಗತಿಯ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಶೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ಇದೆ. 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಪೋರ್ಷಿಯಾ ಅನ್ನುವವಳು ವಕೀಲನ ವೇಷದಲ್ಲಿ ಕೋರ್ಟಿಗೆ ಬಂದು, ಸಾಲದ ವಿಷಯದಲ್ಲಿ ಹಟ ಹಿಡಿದ ಶೈಲಾಕನಿಗೆ ಹೇಳುವ ಮಾತು ಅದು. ಕರುಣೆ ಬಲವಂತದಿಂದ ಬರುವುದಲ್ಲ, ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯ ಹಾಗೆ ಬರುತ್ತದೆ, ಕೊಟ್ಟವನಿಗೂ ತೆಗೆದುಕೊಂಡವನಿಗೂ ಒಳ್ಳೆಯದು ಮಾಡುತ್ತದೆ ಅನ್ನುತ್ತಾಳೆ. ಗೈಡ್‌ನಲ್ಲಿ 'ಕರುಣೆ ಎರಡು ಸಲ ಧನ್ಯ ಯಾಕೆ?' ಅನ್ನುವ ಪ್ರಶ್ನೆಗೆ ಎರಡು ಸಾಲು ರೆಡಿ ಇರುತ್ತವೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿ, 'ರಾಜನ ಕಿರೀಟಕ್ಕಿಂತ ಕರುಣೆ ಯಾಕೆ ದೊಡ್ಡದು?' ಅಂತ ಬಂತು ಅಂದುಕೊಳ್ಳಿ. ಗೈಡ್ ಓದಿದವರು ಅದೇ ಎರಡು ಸಾಲು ಬರೆದು ಬರುತ್ತಾರೆ. ಕಥೆ ಗೊತ್ತಿದ್ದವರು, ಯಾರು ಯಾರಿಗೆ ಯಾವ ಸಂಕಟದಲ್ಲಿ ಹೇಳಿದ ಮಾತು ಅಂತ ತಿಳಿದವರು, ತಪ್ಪು ಇಂಗ್ಲಿಷಿನಲ್ಲಾದರೂ ಸರಿಯಾದ ಉತ್ತರ ಬರೆಯುತ್ತಾರೆ.

ಅಲಂಕಾರದ ಪ್ರಶ್ನೆಯೂ ಹೀಗೇ. ಮಳೆಯ 'ಹಾಗೆ' ಅಂತ ಹೋಲಿಸಿದ್ದರಿಂದ ಅದು ಸಿಮಿಲಿ. 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ ಅನ್ನುವ ಗೈಡ್‌ನ ಸೂತ್ರ ಬಹಳ ಕಡೆ ಸರಿ ಬರುತ್ತದೆ. ಆದರೆ 'ಐ ಲೈಕ್ ಮ್ಯಾಂಗೋಸ್' ಅನ್ನುವಲ್ಲೂ 'ಲೈಕ್' ಇದೆ, ಅಲ್ಲಿ ಹೋಲಿಕೆಯೇ ಇಲ್ಲ. ಯಾವುದನ್ನು ಯಾವುದಕ್ಕೆ ಹೋಲಿಸಿದೆ ಅಂತ ಮೊದಲು ಕೇಳಿಕೊಂಡರೆ ಸಿಮಿಲಿ, ಮೆಟಫರ್ ('ಹಾಗೆ' ಅನ್ನದೆ ಇದು ಅದೇ ಅಂತ ನೇರವಾಗಿ ಹೇಳುವುದು) ಎರಡೂ ಸಲೀಸು. ಜೀವವಿಲ್ಲದ್ದು ಮನುಷ್ಯರ ಹಾಗೆ ನಡೆದರೆ, ನುಡಿದರೆ ಪರ್ಸಾನಿಫಿಕೇಶನ್. ಇಷ್ಟು ತಿಳಿದರೆ ಸಾಕು, ಪಟ್ಟಿ ಉರು ಹೊಡೆಯುವ ಕೆಲಸವಿಲ್ಲ.

ಇದೇ ಪುಸ್ತಕದಲ್ಲಿ ವಿ.ಕೃ. ಗೋಕಾಕರ 'ದಿ ಸಾಂಗ್ ಆಫ್ ಇಂಡಿಯಾ' ಇದೆ. ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಹುಟ್ಟಿದವರು. ಸವಣೂರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ ಬಂದರು, 1990ರ ಜ್ಞಾನಪೀಠ ಅವರಿಗೆ ಸಿಕ್ಕಿತು. ನಮ್ಮ ಊರ ಕಡೆಯವರೇ ಬರೆದ ಇಂಗ್ಲಿಷ್ ಪದ್ಯ ಅಂತ ಹೇಳಿದಾಗ ತರಗತಿಯಲ್ಲಿ ಮಕ್ಕಳ ಮುಖ ಬೇರೆಯೇ ಆಗುತ್ತದೆ. ಪದ್ಯದಲ್ಲಿ ಕವಿ ಹಿಮಾಲಯ, ಸಮುದ್ರ ಅಂತ ಚಂದದ್ದನ್ನೆಲ್ಲ ಹಾಡಲು ಹೊರಡುತ್ತಾನೆ. ತಾಯಿ, ಅಂದರೆ ಭಾರತಮಾತೆ, ತಡೆದು, ನನ್ನ ಬೀದಿಯ ಭಿಕ್ಷುಕರನ್ನೂ ಕುಷ್ಠರೋಗಿಗಳನ್ನೂ ಕೊಳೆಯನ್ನೂ ಹಾಡು ಅನ್ನುತ್ತಾಳೆ. ಇದು ಇಬ್ಬರ ಮಾತುಕತೆ ಅನ್ನುವುದು ಗೊತ್ತಾಗದೆ ಎಷ್ಟೋ ಮಕ್ಕಳು ಎಲ್ಲ ಸಾಲನ್ನೂ ಕವಿಯ ಬಾಯಿಗೆ ಹಾಕಿಬಿಡುತ್ತಾರೆ. ಪದ್ಯದ ಸಾಲು ಕೊಟ್ಟು ಕೇಳುವ ಎಕ್ಸ್‌ಟ್ರಾಕ್ಟ್ ಪ್ರಶ್ನೆಯಲ್ಲಿ 'ಇದನ್ನು ಹೇಳುವವರು ಯಾರು?' ಅಂತ ಬಂದಾಗ ಅಲ್ಲೇ ಅಂಕ ಹೋಗುತ್ತದೆ. ಇಬ್ಬರು ಮಕ್ಕಳನ್ನು ನಿಲ್ಲಿಸಿ, ಒಬ್ಬರು ಕವಿ, ಒಬ್ಬರು ತಾಯಿ ಅಂತ ಜೋರಾಗಿ ಓದಿಸಿ ನೋಡಿ. ಹತ್ತು ನಿಮಿಷದ ಕೆಲಸ. ಯಾವ ಗೈಡ್‌ನಲ್ಲೂ ಇದು ಸಿಗುವುದಿಲ್ಲ, ಪದ್ಯ ಮನಸ್ಸಿನಲ್ಲಿ ನಿಲ್ಲುತ್ತದೆ. ಬಾಯಿಪಾಠದ ಸಾಲುಗಳೂ ಜೊತೆಗೇ ಬರುತ್ತವೆ.

ವಿಡಿಯೋ ಮೊದಲು ಅಂದೆನಲ್ಲ, ಅದಕ್ಕೆ ಕಾರಣ ಇದೆ. ಇಂಗ್ಲಿಷ್ ಪಾಠದ ಮೊದಲ ಓದಿನಲ್ಲಿ ಮಗುವಿಗೆ ಕಥೆಯೇ ಸಿಗದಿದ್ದರೆ ಮುಂದಿನದು ಎಲ್ಲಾ ಬೇಸರ. ಕನ್ನಡದಲ್ಲಿ ಕಥೆ ವಿವರಿಸುವ ವಿಡಿಯೋ ಆ ಕಷ್ಟ ಕಳೆಯುತ್ತದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೂ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಬರುತ್ತದೆ, ದುಡ್ಡು ಇಲ್ಲ. ಆದರೆ ವಿಡಿಯೋ ನೋಡಿ ಮೊಬೈಲ್ ಕೆಳಗಿಟ್ಟ ಕೂಡಲೇ ಪುಸ್ತಕ ತೆರೆಯಬೇಕು. ಕೇಳಿ ತಲೆ ಅಲ್ಲಾಡಿಸುವುದಕ್ಕೂ ಉತ್ತರ ಬರೆಯುವುದಕ್ಕೂ ಬಹಳ ಅಂತರ ಇದೆ.

ಗದ್ಯಪಾಠಕ್ಕೆ ಗೈಡ್ ಸರಿಯಾಗಿ ಬಳಸುವ ರೀತಿ ಒಂದಿದೆ. ಆರ್.ಕೆ. ನಾರಾಯಣರ 'ಎ ಹೀರೋ' ತೆಗೆದುಕೊಳ್ಳಿ. ಪೇಪರ್‌ನಲ್ಲಿ ಬಂದ ಸಾಹಸಿ ಹುಡುಗನ ಸುದ್ದಿ ಹಿಡಿದು ಅಪ್ಪ ಸ್ವಾಮಿಗೆ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅನ್ನುತ್ತಾನೆ. ಹೆದರಿದ ಸ್ವಾಮಿ ರಾತ್ರಿ ಕತ್ತಲಲ್ಲಿ ಯಾರದೋ ಕಾಲು ಕಚ್ಚುತ್ತಾನೆ, ಅದು ಕಳ್ಳನ ಕಾಲು. 'ಸ್ವಾಮಿ ನಿಜವಾಗಿ ಹೀರೋನಾ?' ಅನ್ನುವ ಪ್ರಶ್ನೆಗೆ ಮೊದಲು ಮಗುವೇ ಹೌದು ಅಥವಾ ಅಲ್ಲ ಅಂತ ಹೇಳಲಿ, ಕಥೆಯಿಂದ ಎರಡು ಘಟನೆ ಎತ್ತಿ ತೋರಿಸಲಿ, ಮುರುಕು ಇಂಗ್ಲಿಷಿನಲ್ಲೇ ನಾಲ್ಕು ವಾಕ್ಯ ಬರೆಯಲಿ. ಅದಾದ ಮೇಲೆ ಗೈಡ್ ತೆರೆದು, ತನ್ನ ಉತ್ತರದಲ್ಲಿ ಬಿಟ್ಟುಹೋದ ಅಂಶ ಯಾವುದು, ಗೈಡ್ ಯಾವ ಒಳ್ಳೆಯ ಪದ ಬಳಸಿದೆ ಅಂತ ನೋಡಿ ಸೇರಿಸಿಕೊಳ್ಳಲಿ. ಹೀಗೆ ಬಳಸಿದರೆ ಗೈಡ್ ಉಪಕಾರಿಯೇ. ಖರೀದಿಸುವುದಾದರೆ ಉತ್ತರಗಳು ಚಿಕ್ಕದಾಗಿ, ಸರಳ ವಾಕ್ಯದಲ್ಲಿ ಇರುವ ಗೈಡ್ ತೆಗೆದುಕೊಳ್ಳಿ. ಉದ್ದುದ್ದ ಉತ್ತರ ಇರುವುದನ್ನು ಮಗು ಉರು ಹೊಡೆಯುತ್ತದೆ ಅಷ್ಟೇ.

ಗ್ರಾಮರ್

ಇಲ್ಲಿ ಆಯ್ಕೆ ಪುಸ್ತಕಗಳ ನಡುವೆ. ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಾಗಲಿ ಪುಸ್ತಕದ ಅಂಗಡಿಗೆ ಹೋಗಿ ಗ್ರಾಮರ್ ಪುಸ್ತಕ ಕೇಳಿದರೆ ಸಾಮಾನ್ಯವಾಗಿ ಮೂರು ಬಗೆ ತೋರಿಸುತ್ತಾರೆ: ರೆನ್ ಅಂಡ್ ಮಾರ್ಟಿನ್, ರೇಮಂಡ್ ಮರ್ಫಿಯ ಪುಸ್ತಕ, ಕನ್ನಡದಲ್ಲಿ ವಿವರಣೆ ಇರುವ ಗ್ರಾಮರ್ ಪುಸ್ತಕ.

ರೆನ್ ಅಂಡ್ ಮಾರ್ಟಿನ್ ಬಗ್ಗೆ ನಮ್ಮ ಹಿರಿಯರಿಗೆ ತುಂಬಾ ಗೌರವ. ಅಜ್ಜ ಓದಿದ್ದು, ಅಪ್ಪ ಓದಿದ್ದು, ಈಗ ಮಗನಿಗೂ ಅದೇ. 1930ರ ದಶಕದ ಪುಸ್ತಕ, ಆಮೇಲೆ ಪರಿಷ್ಕರಿಸಿದ್ದಾರೆ. ಆ್ಯಕ್ಟಿವ್-ಪ್ಯಾಸಿವ್, ಡೈರೆಕ್ಟ್-ಇನ್‌ಡೈರೆಕ್ಟ್, ವಾಕ್ಯ ಬದಲಾಯಿಸುವುದು, ಅಲಂಕಾರ, ಪತ್ರ, ಪ್ರಬಂಧ, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಅಭ್ಯಾಸದ ವಾಕ್ಯಗಳು ರಾಶಿ ರಾಶಿ. ಆದರೆ ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿ, ಭಾಷೆಯೂ ಸ್ವಲ್ಪ ಹಳೆಯದು. ಕನ್ನಡ ಮಾಧ್ಯಮದ ಮಗುವಿನ ಕೈಗೆ ಡಿಸೆಂಬರ್‌ನಲ್ಲಿ ಈ ದಪ್ಪ ಪುಸ್ತಕ ಕೊಟ್ಟರೆ ನೌನ್ ಅಧ್ಯಾಯದಲ್ಲೇ ಹದಿನೈದು ದಿನ ಕಳೆಯುತ್ತದೆ. ಶಿಕ್ಷಕರಿಗೆ, ಮನೆಯಲ್ಲಿ ಇಂಗ್ಲಿಷ್ ಬಲ್ಲ ಅಣ್ಣ-ಅಕ್ಕ ಇದ್ದವರಿಗೆ ಇದು ಒಳ್ಳೆಯ ಪುಸ್ತಕ. ಒಬ್ಬರೇ ಓದುವ ಮಗುವಿಗೆ ಅಲ್ಲ.

ಮರ್ಫಿಯದು 1985ರಲ್ಲಿ ಮೊದಲು ಬಂದದ್ದು. ನೀಲಿ ಬಣ್ಣದ್ದು ಮಧ್ಯಮ ಮಟ್ಟದವರಿಗೆ, ಕೆಂಪು ಬಣ್ಣದ್ದು ಆರಂಭದವರಿಗೆ. ಇದರ ದೊಡ್ಡ ಗುಣ ಅಂದರೆ ಒಂದು ವಿಷಯ ಎರಡೇ ಪುಟದಲ್ಲಿ ಮುಗಿಯುತ್ತದೆ. ಎಡಗಡೆ ವಿವರಣೆ, ಬಲಗಡೆ ಅಭ್ಯಾಸ, ಹಿಂದೆ ಉತ್ತರ. ವಾಕ್ಯಗಳು ಇವತ್ತಿನ ಮಾತಿನ ವಾಕ್ಯಗಳು. ನನ್ನ ಕೇಳಿದರೆ ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಕೆಂಪು ಪುಸ್ತಕವೇ ಸರಿ. ಹತ್ತನೇ ತರಗತಿ ಮಗುವಿಗೆ ಆರಂಭದ ಪುಸ್ತಕವಾ ಅಂತ ನಾಚಿಕೆ ಪಡಬೇಡಿ. ಪತ್ರ, ಪ್ರಬಂಧ ಇದರಲ್ಲಿ ಇಲ್ಲ, ನಮ್ಮ ಪರೀಕ್ಷೆಯ ಪ್ರಶ್ನೆಯ ರೂಪವೂ ಇಲ್ಲ. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಜೊತೆಗೆ ಇಟ್ಟುಕೊಳ್ಳಲೇಬೇಕು.

ಕನ್ನಡದಲ್ಲಿ ವಿವರಿಸುವ ಪುಸ್ತಕಗಳು ಬಹಳ ಇವೆ, ಗುಣಮಟ್ಟ ಒಂದೊಂದರದು ಒಂದೊಂದು ತರಹ. ಅಂಗಡಿಯಲ್ಲಿ ನಿಂತು ಒಂದೇ ಅಧ್ಯಾಯ ತೆಗೆದು ನೋಡಿ: ರಿಪೋರ್ಟೆಡ್ ಸ್ಪೀಚ್. ಯಾಕೆ ಅದೇ ಅಂದರೆ, ಕನ್ನಡದ ಮಕ್ಕಳು ಎಡವುವುದು ಅಲ್ಲೇ. ಕನ್ನಡದಲ್ಲಿ ನಾವು "ನಾಳೆ ಬರ್ತೀನಿ ಅಂತ ರವಿ ಹೇಳಿದ" ಅನ್ನುತ್ತೇವೆ. ರವಿ ಆಡಿದ ಮಾತು ಹಾಗೇ ಇರುತ್ತದೆ, ಕೊನೆಗೆ 'ಅಂತ' ಹಚ್ಚಿದರೆ ಕೆಲಸ ಮುಗಿಯಿತು. ಅದೇ ರೂಢಿಯಲ್ಲಿ ಮಗು 'ರವಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ' ಅಂತ ಬರೆಯುತ್ತದೆ. ಇಂಗ್ಲಿಷಿನಲ್ಲಿ ಮೂರು ಕಡೆ ಬದಲಾಗಬೇಕು: 'ಐ' ಹೋಗಿ 'ಹಿ', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದಿ ನೆಕ್ಸ್ಟ್ ಡೇ'. ಪುಸ್ತಕ ಈ ಮೂರನ್ನೂ ಬಿಡಿಸಿ ಹೇಳಿ, ಕನ್ನಡದ ರೂಢಿ ಇಲ್ಲಿ ನಡೆಯುವುದಿಲ್ಲ ಅಂತ ತೋರಿಸಿದ್ದರೆ ಕೊಂಡುಕೊಳ್ಳಿ. ಬರೀ ಕೋಷ್ಟಕ ಹಾಕಿ ಬಿಟ್ಟಿದ್ದರೆ ಅಲ್ಲೇ ಇಟ್ಟು ಬನ್ನಿ. ಅಭ್ಯಾಸಕ್ಕೆ ಉತ್ತರ ಇದೆಯೋ ಇಲ್ಲವೋ ಅದನ್ನೂ ನೋಡಿ.

ಯಾವ ಪುಸ್ತಕ ತೆಗೆದುಕೊಂಡರೂ ಪೂರ್ತಿ ಓದಿ ಮುಗಿಸುವ ಹಟ ಬೇಡ. ನಮ್ಮ ಮಕ್ಕಳಿಗೆ ಅಂಕ ಹೋಗುವ ಜಾಗಗಳು ಕೆಲವೇ. ಕನ್ನಡದಲ್ಲಿ ಇಲ್ಲದ ಎ, ಆ್ಯನ್, ದಿ (ಆರ್ಟಿಕಲ್) ಒಂದು. ಪ್ರಿಪೊಸಿಷನ್ ಇನ್ನೊಂದು, ಯಾಕೆಂದರೆ ನಮಗೆ 'ಅಲ್ಲಿ', 'ಗೆ', 'ಇಂದ' ಎಲ್ಲ ಪದದ ಕೊನೆಗೆ ಅಂಟಿಕೊಂಡು ಬರುತ್ತವೆ, ಇಂಗ್ಲಿಷಿನಲ್ಲಿ ಪದಕ್ಕಿಂತ ಮೊದಲೇ ಬಂದು ನಿಲ್ಲುತ್ತವೆ. 'ಹಿ', 'ಶಿ' ಜೊತೆ ಬರುವ ಕ್ರಿಯಾಪದಕ್ಕೆ 'ಎಸ್' ಬಿಡುವುದು. 'ಇಫ್' ಹಾಕಿ ಬರೆಯುವ ವಾಕ್ಯ. ಕ್ವೆಶ್ಚನ್ ಟ್ಯಾಗ್ ಕೂಡ: ಕನ್ನಡದಲ್ಲಿ ಎಲ್ಲದಕ್ಕೂ ಒಂದೇ 'ಅಲ್ವಾ' ಸಾಕು, ಇಂಗ್ಲಿಷಿನಲ್ಲಿ ವಾಕ್ಯದಲ್ಲಿ 'ಈಸ್' ಇದ್ದರೆ 'ಈಸಂಟ್', 'ಕ್ಯಾನ್' ಇದ್ದರೆ 'ಕಾಂಟ್', ವಾಕ್ಯದಲ್ಲೇ 'ನಾಟ್' ಇದ್ದರೆ ಟ್ಯಾಗ್‌ನಲ್ಲಿ 'ನಾಟ್' ಇರಬಾರದು. ಇಷ್ಟನ್ನು ದಿನಕ್ಕೆ ಒಂದರಂತೆ, ಪ್ರತಿಯೊಂದಕ್ಕೂ ಸ್ವಂತದ ವಾಕ್ಯ ಬರೆದು ಮಾಡಿದರೆ ಜನವರಿ ಒಳಗೆ ಗ್ರಾಮರ್ ಹಿಡಿತಕ್ಕೆ ಬರುತ್ತದೆ.

ಮೊಬೈಲ್ ಆ್ಯಪ್‌ಗಳ ಗ್ರಾಮರ್ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕರಲ್ಲಿ ಒಂದನ್ನು ಒತ್ತುವ ಅಭ್ಯಾಸ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಷ್ಟೇ ಉಪಯೋಗ.

ಸ್ವಂತ ಬರವಣಿಗೆ

ಎಲ್ಲರೂ ಕಡೆಗಣಿಸುವುದು ಇದನ್ನೇ, ಮಕ್ಕಳಿಗೆ ಮುಂದೆ ಜೀವನಪೂರ್ತಿ ಬೇಕಾಗುವುದೂ ಇದೇ. ಪರೀಕ್ಷೆಯಲ್ಲಿ ಪತ್ರ, ಪ್ರಬಂಧ, ಪ್ರೊಫೈಲ್ (ಕೊಟ್ಟ ವಿವರ ಹಿಡಿದು ವ್ಯಕ್ತಿಯ ಪರಿಚಯ ಬರೆಯುವುದು), ಚಿತ್ರ ನೋಡಿ ಬರೆಯುವುದು, ಸುಳಿವು ಹಿಡಿದು ಕಥೆ ಬೆಳೆಸುವುದು ಇರುತ್ತವೆ. ಇಲ್ಲಿ ಗೈಡ್ ಮತ್ತು ಝೆರಾಕ್ಸ್ ಅಂಗಡಿಯ 'ಪಾಸಿಂಗ್ ಪ್ಯಾಕೇಜ್' (ಪಾಸಾಗಲು ಬೇಕಾದಷ್ಟೇ ಇರುವ ನೋಟ್ಸ್) ಒಂದು ಕಡೆ, ಯಾರಾದರೂ ಕುಳಿತು ತಿದ್ದುವುದು ಇನ್ನೊಂದು ಕಡೆ.

ಪಾಸಿಂಗ್ ಪ್ಯಾಕೇಜ್ ತೀರಾ ಹಿಂದೆ ಉಳಿದ ಮಗುವಿಗೆ ಬೇಕು, ಅದನ್ನು ನಾನು ಬೇಡ ಅನ್ನುವುದಿಲ್ಲ. ಪತ್ರದಲ್ಲಿ ವಿಳಾಸ ಎಲ್ಲಿ, ದಿನಾಂಕ ಎಲ್ಲಿ, ವಿಷಯ ಎಲ್ಲಿ, ಕೊನೆಗೆ ಸಹಿ ಎಲ್ಲಿ ಅನ್ನುವ ಚೌಕಟ್ಟು ಕಲಿತರೂ ಸ್ವಲ್ಪ ಅಂಕ ಬರುತ್ತದೆ. ಪಾಸಾಗುತ್ತೇನೆ ಅನ್ನುವ ಧೈರ್ಯವೂ ಬರುತ್ತದೆ. ಆದರೆ ಅದಕ್ಕಿಂತ ಮೇಲಿರುವ ಮಗು ಅಲ್ಲೇ ನಿಂತುಬಿಟ್ಟರೆ ನಷ್ಟ. ರಜೆ ಅರ್ಜಿ ಬಾಯಿಪಾಠ ಮಾಡಿ ಬಂದ ಹುಡುಗಿಗೆ ಬಸ್ಸಿನ ಬಗ್ಗೆ ಪತ್ರ ಬಂದರೆ, ಮೇಲೆ ಬಸ್ ಅಂತ ವಿಷಯ ಬರೆದು ಕೆಳಗೆ ಜ್ವರ ಬಂದ ಕಥೆ ಬರೆದಿರುತ್ತಾಳೆ. ಇಂಥ ಪತ್ರ ತಿದ್ದುವಾಗ ನಿಜಕ್ಕೂ ಸಂಕಟ ಆಗುತ್ತದೆ.

ಕುಂದಗೋಳ ಕಡೆಯ ಹಳ್ಳಿಯಿಂದ ದಿನಾ ಬರುವ ಹುಡುಗನೊಬ್ಬ ಡಿಪೋ ಮ್ಯಾನೇಜರ್‌ಗೆ ಬರೆದ ಅಭ್ಯಾಸದ ಪತ್ರದ ಒಂದು ವಾಕ್ಯ ನೋಡಿ: 'ಅವರ್ ವಿಲೇಜ್ ಬಸ್ ಈಸ್ ನಾಟ್ ಕಮಿಂಗ್ ಕರೆಕ್ಟ್ ಟೈಮ್.' ಹೇಳಬೇಕಾದ್ದು ಸ್ಪಷ್ಟ ಇದೆ, ಅವನ ದಿನನಿತ್ಯದ ಕಷ್ಟವೇ ಅದು. ತಿದ್ದುವಾಗ ಇಬ್ಬರೂ ಜೊತೆಗೆ ಕುಳಿತು ಮೂರು ಕಡೆ ಕೈ ಹಾಕಿದೆವು. ಬಸ್ ತಡವಾಗುವುದು ಇವತ್ತು ಒಂದೇ ದಿನವಾ, ದಿನಾನಾ? ದಿನಾ ಅಂದ. ರೂಢಿಯಾಗಿ ನಡೆಯುವುದಕ್ಕೆ 'ಈಸ್ ಕಮಿಂಗ್' ಬರುವುದಿಲ್ಲ, 'ಡಸ್ ನಾಟ್ ಕಮ್' ಆಗಬೇಕು. ನಾವು ಕನ್ನಡದಲ್ಲಿ ದಿನಾ ನಡೆಯುವುದಕ್ಕೂ 'ಬರ್ತಾ ಇಲ್ಲ' ಅನ್ನುತ್ತೇವಲ್ಲ, ತಪ್ಪು ಅಲ್ಲಿಂದ ಬಂದದ್ದು. 'ಕರೆಕ್ಟ್ ಟೈಮ್'ಗಿಂತ ಮೊದಲು ಪ್ರಿಪೊಸಿಷನ್ ಇಲ್ಲ, 'ಆನ್ ಟೈಮ್' ಅಂದರೆ ಸಾಕು. 'ಅವರ್ ವಿಲೇಜ್ ಬಸ್' ಬದಲು 'ದಿ ಬಸ್ ಟು ಅವರ್ ವಿಲೇಜ್'. ಕೊನೆಗೆ ವಾಕ್ಯ ಹೀಗಾಯಿತು: 'ದಿ ಬಸ್ ಟು ಅವರ್ ವಿಲೇಜ್ ಡಸ್ ನಾಟ್ ಕಮ್ ಆನ್ ಟೈಮ್.' ಮುಂದಿನ ವಾಕ್ಯ ಅವನೇ ಸೇರಿಸಿದ: ಮೊದಲ ಪೀರಿಯಡ್ ತಪ್ಪುತ್ತದೆ, ಅದು ಗಣಿತದ ಪೀರಿಯಡ್. ಬಾಯಿಪಾಠದ ಪತ್ರದಲ್ಲಿ ಇಂಥ ವಾಕ್ಯ ಬರುವುದೇ ಇಲ್ಲ. ಮೌಲ್ಯಮಾಪಕರು ಒಂದೇ ತರಹದ ಪತ್ರ ಓದಿ ಓದಿ ಸಾಕಾಗಿರುತ್ತಾರೆ, ನಿಜದ ಒಂದು ವಾಕ್ಯ ಕಂಡರೆ ಅವರಿಗೂ ಹಿತ.

ಆ ಒಂದು ವಾಕ್ಯದಲ್ಲೇ ಕಾಲ, ಪ್ರಿಪೊಸಿಷನ್, ಆರ್ಟಿಕಲ್ ಮೂರೂ ರಿವಿಜನ್ ಆಯಿತು. ಪರೀಕ್ಷೆಯಲ್ಲಿ ತಪ್ಪು ತಿದ್ದುವ ಎಡಿಟಿಂಗ್ ಪ್ರಶ್ನೆ ಇರುತ್ತದಲ್ಲ, ಅದಕ್ಕೂ ಮಗುವಿನದೇ ತಪ್ಪುಗಳಿಗಿಂತ ಒಳ್ಳೆಯ ಅಭ್ಯಾಸ ಇಲ್ಲ. ಹಾಗಾಗಿ ಬರವಣಿಗೆಯ ಮಟ್ಟಿಗೆ ನನ್ನ ಅಳತೆ ಒಂದೇ: ವಾರಕ್ಕೆ ಮಗು ಸ್ವಂತದ್ದು ಎಷ್ಟು ಬರೆಯುತ್ತದೆ, ಅದನ್ನು ಯಾರು ಓದುತ್ತಾರೆ?

ಓದುವವರು ಯಾರಾಗಬಹುದು? ಮೊದಲ ಆಯ್ಕೆ ಶಾಲೆಯ ಇಂಗ್ಲಿಷ್ ಶಿಕ್ಷಕರೇ. ತರಗತಿಯಲ್ಲಿ ಮಕ್ಕಳು ಜಾಸ್ತಿ ಇದ್ದಾಗ ಎಲ್ಲರ ಪತ್ರ ವಾರ ವಾರ ತಿದ್ದಲು ಆಗುವುದಿಲ್ಲ, ನಿಜ. ಆದರೆ ಸ್ವಂತವಾಗಿ ಬರೆದ ಅರ್ಧ ಪುಟ ಹಿಡಿದು ಸ್ಟಾಫ್ ರೂಮಿಗೆ ಬಂದ ಮಗುವನ್ನು ವಾಪಸ್ ಕಳಿಸುವ ಶಿಕ್ಷಕರು ಅಪರೂಪ. ಒಂದೇ ಪುಟ ತನ್ನಿ, ಸಾಲು ಬಿಟ್ಟು ಬರೆದಿರಿ, ತಿದ್ದಲು ಜಾಗ ಇರಲಿ. ಸಂಜೆಯ ವಿಶೇಷ ತರಗತಿ ನಡೆಸುವ ಶಾಲೆಯಾದರೆ ಇನ್ನೂ ಸುಲಭ. ಓಣಿಯಲ್ಲಿ ಪಿಯುಸಿ, ಡಿಗ್ರಿ ಓದುವ ಅಕ್ಕ ಇದ್ದರೆ ಅವರೂ ಆಗುತ್ತದೆ.

ಮೂರು-ನಾಲ್ಕು ಮಕ್ಕಳ ಗ್ರೂಪ್ ಸ್ಟಡಿ ಕೂಡ ನಾನು ಕಂಡಂತೆ ಬಹಳ ಫಲ ಕೊಡುತ್ತದೆ. ಆದರೆ ಒಂದು ನಿಯಮ ಇರಬೇಕು: ಒಬ್ಬರ ಪತ್ರ ಇನ್ನೊಬ್ಬರು ಓದಿ, ಅರ್ಥವಾಗದ ಕಡೆ ಗೆರೆ ಎಳೆಯಬೇಕು. ಸರಿ ಉತ್ತರ ಗೊತ್ತಿರಬೇಕೆಂದೇನಿಲ್ಲ, ಇಲ್ಲಿ ಏನೋ ತೊಡಕಿದೆ ಅಂತ ಕಂಡರೆ ಸಾಕು. ಗೆರೆ ಎಳೆದದ್ದನ್ನು ಆಮೇಲೆ ಶಿಕ್ಷಕರಿಗೆ ತೋರಿಸಬಹುದು.

ಮೊಬೈಲ್‌ನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಎಐ ಈಗ ಎಲ್ಲರ ಕೈಯಲ್ಲೂ ಇದೆ. 'ಪತ್ರ ಬರೆದುಕೊಡು' ಅಂದರೆ ಅದು ಚಂದದ ಪತ್ರ ಕೊಡುತ್ತದೆ, ಮಗುವಿಗೆ ಅದರಿಂದ ಸಿಗುವುದು ಏನೂ ಇಲ್ಲ. ತಾನೇ ಬರೆದ ವಾಕ್ಯ ಕೊಟ್ಟು 'ಇದರಲ್ಲಿ ತಪ್ಪು ಯಾವುದು, ಯಾಕೆ, ಕನ್ನಡದಲ್ಲಿ ಹೇಳು' ಅಂತ ಕೇಳಿದರೆ ಉಪಯೋಗ ಇದೆ. ಅದೂ ಕೆಲವೊಮ್ಮೆ ತಪ್ಪು ಹೇಳುತ್ತದೆ, ಹಾಗಾಗಿ ಶಿಕ್ಷಕರನ್ನು ಪೂರ್ತಿ ಬಿಟ್ಟು ಅದನ್ನೇ ನಂಬಬೇಡಿ.

ಟ್ಯೂಷನ್ ಹಚ್ಚುವುದೇ ಆದರೆ

ಟ್ಯೂಷನ್‌ಗಳಲ್ಲಿ ಎರಡು ಬಗೆ. ಮನೆಯ ಹತ್ತಿರ ಹತ್ತು-ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವವರು ಒಂದು. ಹುಬ್ಬಳ್ಳಿಯ ವಿದ್ಯಾನಗರ, ಧಾರವಾಡದ ಸಪ್ತಾಪುರದ ಕಡೆ ಇರುವ ದೊಡ್ಡ ಕ್ಲಾಸ್‌ಗಳು ಇನ್ನೊಂದು. ದೊಡ್ಡ ಕ್ಲಾಸ್‌ನಲ್ಲಿ ನೋಟ್ಸ್ ಅಚ್ಚುಕಟ್ಟು, ಟೆಸ್ಟ್ ನಿಯಮಿತ, ಗಣಿತ-ವಿಜ್ಞಾನಕ್ಕೆ ಹೋಗುವವರಿಗೆ ಇಂಗ್ಲಿಷ್ ಜೊತೆಯಲ್ಲೇ ಬರುತ್ತದೆ. ಇಂಗ್ಲಿಷ್ ಒಂದಕ್ಕೇ ಆದರೆ ನಾನು ಸಣ್ಣ ಬ್ಯಾಚ್ ಪರ. ಕಾರಣ ಮೇಲೆ ಹೇಳಿದ್ದೇ, ಬರೆದದ್ದನ್ನು ಓದುವವರು ಬೇಕು.

ಫೀ ಕೇಳುವ ಮೊದಲು ಹಳೆಯ ವಿದ್ಯಾರ್ಥಿಯ ನೋಟ್‌ಬುಕ್ ಕೇಳಿ. ಅದರಲ್ಲಿ ಬೋರ್ಡ್ ಮೇಲಿನದ್ದು ನಕಲು ಮಾಡಿದ ಪುಟಗಳೇ ತುಂಬಿವೆಯಾ, ಮಗು ಸ್ವಂತ ಬರೆದು ಕೆಂಪು ಶಾಯಿಯಲ್ಲಿ ತಿದ್ದಿದ ಪುಟಗಳೂ ಇವೆಯಾ ನೋಡಿ. ಬರೀ ಟಿಕ್ ಹಾಕಿ ಸಹಿ ಮಾಡಿದ್ದರೆ ಅದು ತಿದ್ದಿದ್ದಲ್ಲ. ಈ ಒಂದು ನೋಟ್‌ಬುಕ್ ನಿಮಗೆ ಎಲ್ಲಾ ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ.

ಗದಗ, ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಪಟ್ಟಣಕ್ಕೆ ಟ್ಯೂಷನ್‌ಗೆ ಹೋಗಿ ಬರುವ ಮಕ್ಕಳ ಲೆಕ್ಕ ಬೇರೆ. ಶಾಲೆ ಮುಗಿಸಿ ಬಸ್ ಹಿಡಿದು ಕ್ಲಾಸ್‌ಗೆ ಹೋಗಿ, ಮತ್ತೆ ಬಸ್ ಕಾಯ್ದು ರಾತ್ರಿ ಮನೆ ಸೇರುವ ಮಗುವಿಗೆ ಓದುವ ತ್ರಾಣ ಎಲ್ಲಿ ಉಳಿಯುತ್ತದೆ? ಆ ಹೊತ್ತನ್ನು ಮನೆಯಲ್ಲಿ ಕಳೆದರೆ ಒಂದು ಪಾಠ, ಒಂದು ಪತ್ರ ಆರಾಮಾಗಿ ಆಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ರಾತ್ರಿ ಪ್ರಯಾಣದ ಆತಂಕವೂ ಸೇರಿ ಮನೆಯವರು ಟ್ಯೂಷನ್ ಬಿಡಿಸಿಬಿಡುತ್ತಾರೆ, ಬದಲಿಗೆ ಏನೂ ಕೊಡುವುದಿಲ್ಲ. ಹಾಗೆ ಮಾಡಬೇಡಿ. ಟ್ಯೂಷನ್ ಇಲ್ಲದಿದ್ದರೆ ಒಂದು ಮರ್ಫಿ, ಒಂದು ಕಟ್ಟು ಹಳೆಯ ಪ್ರಶ್ನೆಪತ್ರಿಕೆ, ವಾರಕ್ಕೆ ಒಂದು ಸಲ ಶಾಲೆಯ ಶಿಕ್ಷಕರ ಹತ್ತಿರ ಅರ್ಧ ಗಂಟೆ ಕೊಡಿಸಿ. ಅದು ಟ್ಯೂಷನ್‌ಗೆ ಏನೂ ಕಡಿಮೆ ಇಲ್ಲ.

ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಪ್ರಶ್ನೆಪತ್ರಿಕೆ ಎರಡನ್ನೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟ್‌ನಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಇತ್ತೀಚಿನ ಮಾದರಿಯೇ ಇರಲಿ, ಪ್ರಶ್ನೆಗಳ ರೂಪ ನಡುನಡುವೆ ಬದಲಾಗುತ್ತದೆ. ಡಿಸೆಂಬರ್‌ವರೆಗೆ ಒಂದೊಂದು ಭಾಗ ಬಿಡಿಸಿ ಮಾಡಿ. ಜನವರಿಯಿಂದ ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬರೆಸಿ. ಬರೆದಾದ ಮೇಲೆ ಮತ್ತೆ ಆ 'ಪ', 'ಗ', 'ಬ' ಗುರುತು ಹಾಕಿ, ಅರ್ಧವಾರ್ಷಿಕದ ಪೇಪರ್ ಪಕ್ಕ ಇಟ್ಟು ನೋಡಿ.

ಸಿಬಿಎಸ್‌ಇ ಮಕ್ಕಳಿಗೆ ಒಂದು ಮಾತು. ಅಲ್ಲಿ 80 ಅಂಕದ ಪೇಪರ್‌ನಲ್ಲಿ ಅರ್ಧ, ಅಂದರೆ 40, ಸಾಹಿತ್ಯಕ್ಕೇ ಇದೆ. ಓದಿ ಅರ್ಥ ಮಾಡಿಕೊಳ್ಳುವುದಕ್ಕೆ 20, ಬರವಣಿಗೆ ಮತ್ತು ಗ್ರಾಮರ್ ಸೇರಿ 20. ಹಾಗಾಗಿ ಅವರು ಗ್ರಾಮರ್ ಪುಸ್ತಕಕ್ಕಿಂತ ಎನ್‌ಸಿಇಆರ್‌ಟಿ ಪಠ್ಯವನ್ನು ಮತ್ತೆ ಮತ್ತೆ ಓದುವುದೇ ಲಾಭ.

ಈಗ ನಿಮ್ಮ ಕೈಯಲ್ಲಿರುವ ಪೇಪರ್‌ಗೆ ಬರೋಣ. 'ಪ' ಜಾಸ್ತಿ ಇದ್ದು ಜಾಗ ಖಾಲಿ ಬಿಟ್ಟಿದ್ದರೆ ಟ್ಯೂಷನ್ ಬೇಡ, ವಿಡಿಯೋ ನೋಡಿ ಪಠ್ಯಪುಸ್ತಕ ಓದುವ ಒಂದು ತಾಸು ದಿನಾ ಇರಲಿ. 'ಗ' ಜಾಸ್ತಿ ಇದ್ದರೆ ಕೆಂಪು ಮರ್ಫಿ ಅಥವಾ ಮೇಲೆ ಹೇಳಿದ ರಿಪೋರ್ಟೆಡ್ ಸ್ಪೀಚ್ ಅಧ್ಯಾಯದ ಪರೀಕ್ಷೆಯಲ್ಲಿ ಗೆದ್ದ ಕನ್ನಡ ವಿವರಣೆಯ ಪುಸ್ತಕ. 'ಬ' ಜಾಸ್ತಿ ಇದ್ದರೆ, ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ತಿದ್ದುವ ಸಣ್ಣ ಟ್ಯೂಷನ್‌ಗೆ. ಮೂರೂ ಜಾಸ್ತಿ ಇದ್ದು ಮಗು ಪಾಸಾಗುವುದೇ ಕಷ್ಟ ಅನ್ನಿಸಿದರೆ ಮೊದಲು ಪಾಸಿಂಗ್ ಪ್ಯಾಕೇಜ್ ಹಿಡಿದು ಪತ್ರದ ಚೌಕಟ್ಟು, ಬಾಯಿಪಾಠದ ಪದ್ಯ, ಚಿಕ್ಕ ಪ್ರಶ್ನೆಗಳನ್ನು ಗಟ್ಟಿ ಮಾಡಿಸಿ. ಮಗುವಿಗೆ ಇದನ್ನೂ ಹೇಳಿ: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಮೊದಲನೆಯದರಲ್ಲಿ ಅಂಕ ಕಡಿಮೆ ಬಂದರೆ ಮುಂದಿನದಕ್ಕೆ ಕೂರಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಹೆದರಿ ಕೂತ ಮಗುವಿನ ಕೈಯಿಂದ ಒಂದು ವಾಕ್ಯವೂ ಹೊರಡುವುದಿಲ್ಲ, ಆ ಹೆದರಿಕೆ ಕಡಿಮೆ ಮಾಡುವ ಕೆಲಸ ಈ ವಾರವೇ ಶುರುವಾಗಲಿ.